ಹೋರಿಯ ಕೋಡು ತಗುಲಿದ ಎದೆಗೆ ಯಾವ ಕೋಡ್?

ದೀಪಾವಳಿ ಬಂತೆಂದರೆ ಹಾವೇರಿ ಕಡೆ ಹೋರಿ ಬೆದರಿಸುವ ಹಬ್ಬ ಶುರು. ಕೊಬ್ಬರಿ ಸರ ಕಟ್ಟಿಕೊಂಡ ಹೋರಿ ಜನರ ನಡುವೆ ನುಗ್ಗುತ್ತದೆ. ಹುಡುಗರು ಕೊಬ್ಬರಿ ಹರಿಯಲು ಹಿಂದೆ ಬೀಳುತ್ತಾರೆ. ಕೆಲವರಿಗೆ ಕೋಡು ತಗುಲುವುದೂ ಉಂಟು. ಎದೆಗೆ ಜೋರಾಗಿ ತಗುಲಿದರೆ ಆಂಬುಲೆನ್ಸ್ ಸಾಮಾನ್ಯವಾಗಿ ಹುಬ್ಬಳ್ಳಿ ಹಾದಿ ಹಿಡಿಯುತ್ತದೆ.

ನಾನು ಹುಬ್ಬಳ್ಳಿಯಲ್ಲಿ ಮೆಡಿಕಲ್ ಕೋಡಿಂಗ್ ಕಲಿಸುತ್ತೇನೆ, ಅಂದರೆ ಡಾಕ್ಟರ್ ಬರೆದ ರೋಗ, ಗಾಯಕ್ಕೆ ಪುಸ್ತಕ ನೋಡಿ ಅಕ್ಷರ-ಅಂಕಿಯ ಕೋಡ್ ಹಾಕುವ ಕೆಲಸ. ಬಿಎಸ್ಸಿ, ಬಿ.ಫಾರ್ಮ, ನರ್ಸಿಂಗ್ ಮುಗಿಸಿದವರು ಬರುತ್ತಾರೆ. ಗದಗ, ಹಾವೇರಿ, ಧಾರವಾಡದಿಂದ ದಿನಾ ಓಡಾಡುವವರೇ ಜಾಸ್ತಿ. ಹಬ್ಬದ ಹೊತ್ತಿಗೆ ಅವರಿಗೆ ಒಂದು ಕೇಸು ಕೊಡುತ್ತೇನೆ. ಇದು ನಾನೇ ಕಟ್ಟಿದ ಕೇಸು, ಯಾವ ರೋಗಿಯದ್ದೂ ಅಲ್ಲ. ಆದರೆ ಕೇಸ್ ಶೀಟಿನ ಭಾಷೆ ನಮ್ಮ ಕಡೆ ನಿಜವಾಗಿ ಹೇಗಿರುತ್ತದೋ ಹಾಗೆಯೇ ಇದೆ:

"24 ವರ್ಷದ ಯುವಕ. ಹೋರಿ ತಿವಿದು ಗಾಯ. ಎದೆಯ ಮುಂಭಾಗ, ಬಲಗಡೆ, 6×2 ಸೆಂ.ಮೀ. ಸಿಎಲ್‌ಡಬ್ಲ್ಯೂ. ಪೆನಿಟ್ರೇಟಿಂಗ್ ಇಂಜುರಿ ಚೆಸ್ಟ್. ಬಲ 6 ಮತ್ತು 7ನೇ ಪಕ್ಕೆಲುಬು ಮುರಿತ. ಬಲ ಹೀಮೋನ್ಯೂಮೊಥೊರಾಕ್ಸ್. ಐಸಿಡಿ ಹಾಕಿದೆ. ಗಾಯ ತೊಳೆದು ಹೊಲಿಗೆ."

ಇಷ್ಟೇ. ಸಿಎಲ್‌ಡಬ್ಲ್ಯೂ ಎಂದರೆ ಜಜ್ಜಿ ಹರಿದ ಗಾಯ, ಹೀಮೋನ್ಯೂಮೊಥೊರಾಕ್ಸ್ ಎಂದರೆ ಎದೆಗೂಡಿನೊಳಗೆ ರಕ್ತ, ಗಾಳಿ ತುಂಬಿದ್ದು. ಈ ಆರೇಳು ಸಾಲಿಗೆ ಒಂದೇ ಕ್ಲಾಸಿನಲ್ಲಿ ನಾಲ್ಕು ಬೇರೆ ಬೇರೆ ಕೋಡ್ ಬರುತ್ತವೆ. ನಾಲ್ಕನ್ನೂ ಕೊಟ್ಟವರ ಹತ್ತಿರ ಅವರವರ ಕಾರಣ ಇರುತ್ತದೆ. ಒಂದು ಸಲ ಒಬ್ಬಳು ಎದ್ದು ಕೇಳಿದಳು, "ಸರ, ಐಸಿಡಿ ಹಾಕ್ಯಾರ ಅಂತ ಅವರ ಬರದಾರಲ್ರಿ, ಮತ್ತ ನಾವೇನ ಕೋಡ್ ಹಾಕೂದ್ರಿ?" ಕ್ಲಾಸೆಲ್ಲ ನಕ್ಕಿತು. ಆದರೆ ಅವಳದ್ದು ತಪ್ಪಲ್ಲ. ವಾರ್ಡಿನಲ್ಲಿ ಐಸಿಡಿ ಎಂದರೆ ಎದೆಗೂಡಿನಿಂದ ರಕ್ತ, ಗಾಳಿ ಹೊರತೆಗೆಯಲು ಪಕ್ಕೆಲುಬಿನ ನಡುವೆ ಹಾಕುವ ನಳಿಕೆ. ನಮ್ಮ ಕೆಲಸದಲ್ಲಿ ಐಸಿಡಿ ಎಂದರೆ ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣ, ಅಂದರೆ ಕೋಡ್ ಪುಸ್ತಕ. ಎರಡೂ ಒಂದೇ ಕೇಸಿನಲ್ಲಿ ಬಂದು ಕೂರುತ್ತವೆ.

ಆ ನಾಲ್ಕರಲ್ಲಿ ಯಾವುದು ಸರಿ ಎಂದು ಹೇಗೆ ಆರಿಸುವುದು, ಅದನ್ನೇ ಇಲ್ಲಿ ಹೇಳುತ್ತೇನೆ. ಕೋಡಿನ ಇಂಗ್ಲಿಷ್ ಅಕ್ಷರಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಎಸ್, ಟಿ, ಡಬ್ಲ್ಯೂ ಎಂದು ಓದಿಕೊಳ್ಳಿ.

ಮೊದಲು ಪುಸ್ತಕ ಯಾವುದು ನೋಡಿ

ಕೋಡ್ ತಪ್ಪಾಗುವುದಕ್ಕೆ ಮುಂಚೆ ಪುಸ್ತಕವೇ ತಪ್ಪಾಗಿರುತ್ತದೆ. ನಮ್ಮೂರಿನ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ ವಿಭಾಗದಲ್ಲಿ ಕೂತವರು ಸಾಮಾನ್ಯವಾಗಿ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10. ಬೆಂಗಳೂರಿನ ಕಂಪನಿಗೆ ಸೇರಿ ಅಮೆರಿಕದ ಚಾರ್ಟ್, ಅಂದರೆ ರೋಗಿಗಳ ದಾಖಲೆ, ನೋಡುವವರು ಬಳಸುವುದು ಅದನ್ನೇ ಅಮೆರಿಕ ವಿಸ್ತರಿಸಿಕೊಂಡ ಐಸಿಡಿ-10-ಸಿಎಂ. ಅಮೆರಿಕದಲ್ಲಿ ಇದು 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಹೊಸ ಆವೃತ್ತಿ ಬರುತ್ತದೆ. ಎರಡರಲ್ಲೂ ಎದೆಗೂಡಿನ ತೆರೆದ ಗಾಯದ ಮನೆ ಒಂದೇ, ಎಸ್21. ಮನೆಯೊಳಗಿನ ಕೋಣೆಗಳು ಮಾತ್ರ ಬೇರೆ.

ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕದಲ್ಲಿ ಕೋಣೆ ಕಡಿಮೆ. ಸ್ತನದ ಗಾಯ ಎಸ್21.0, ಎದೆಯ ಮುಂಗೋಡೆ ಎಸ್21.1, ಹಿಂಗೋಡೆ ಎಸ್21.2, ಹಲವು ಗಾಯ ಇದ್ದರೆ ಎಸ್21.7, ಬೇರೆ ಭಾಗಕ್ಕೆ ಎಸ್21.8, ಎಲ್ಲಿ ಎಂದು ಹೇಳದಿದ್ದರೆ ಎಸ್21.9. ಮುಗಿಯಿತು. ಎಡವೋ ಬಲವೋ ಕೇಳುವುದಿಲ್ಲ. ಒಳಗೆ ಹೋಗಿದೆಯೋ ಇಲ್ಲವೋ ಎಂದೂ ಇಲ್ಲಿ ಕೇಳುವುದಿಲ್ಲ. ಆ ಪ್ರಶ್ನೆ ಬೇರೆ ಕಡೆ ಇದೆ. ಹೃದಯದ ಗಾಯ ಎಸ್26, ಎದೆಯೊಳಗಿನ ಉಳಿದ ಅಂಗಗಳ ಗಾಯ ಎಸ್27. ಇವುಗಳ ಬಾಲಕ್ಕೆ ಬೇಕಿದ್ದರೆ ಇನ್ನೊಂದು ಅಂಕಿ ಸೇರಿಸಬಹುದು. ಎದೆಯೊಳಗೆ ತೆರೆದ ಗಾಯ ಇಲ್ಲದಿದ್ದರೆ 0, ಇದ್ದರೆ 1.

ಸಿಎಂ ಪುಸ್ತಕ ಇದಕ್ಕೆ ಉಲ್ಟಾ. ಅದು ಎಲ್ಲವನ್ನೂ ಗಾಯದ ಕೋಡಿನಲ್ಲೇ ಕೇಳುತ್ತದೆ. ಯಾವ ಗೋಡೆ, ಒಳಗೆ ಹೋಯಿತಾ, ಎಂಥ ಗಾಯ, ಒಳಗೆ ಏನಾದರೂ ಉಳಿದಿದೆಯಾ, ಯಾವ ಬದಿ, ರೋಗಿ ಯಾವ ಹಂತದಲ್ಲಿ ಬಂದಿದ್ದಾನೆ. ಒಟ್ಟು ಏಳು ಸ್ಥಾನ. ಎಸ್21ರ ಕೆಳಗೆ ಬರುವ ಆರು ಸ್ಥಾನದ ಕೋಡ್‌ಗಳನ್ನು ಲೆಕ್ಕ ಹಾಕಿದರೆ 96. ಕೊನೆಯ ಅಕ್ಷರ ಮೂರು ಬಗೆ, ಹಾಗಾಗಿ 288. ಹಳೆಯ ಐಸಿಡಿ-9-ಸಿಎಂ ಕಾಲದಲ್ಲಿ ಎದೆಯ ಗೋಡೆಗೆ ಇದ್ದದ್ದು 875.0 ಮತ್ತು 875.1 ಎರಡೇ. ತೊಡಕಿಲ್ಲದ ಗಾಯ, ತೊಡಕಿನ ಗಾಯ. ಆಗಿನ ಕೋಡರ್‌ಗಳು ಪುಣ್ಯವಂತರು ಅನ್ನಿಸುತ್ತದೆ, ಅಲ್ವಾ?

ಐಸಿಡಿ-11 ಕೂಡ ಬಂದಿದೆ. 2022ರ ಜನವರಿ 1ರಿಂದ ಜಾರಿ. ಅದರಲ್ಲಿ ಒಂದು ಮೂಲ ಕೋಡ್ ಇಟ್ಟು ಬದಿ, ಗಾಯದ ಬಗೆ ಮುಂತಾದವನ್ನು ಹೆಚ್ಚುವರಿ ಕೋಡ್‌ಗಳಾಗಿ ಜೋಡಿಸುತ್ತಾ ಹೋಗುವ ಪದ್ಧತಿ. ಕೆಲಸ ಹುಡುಕುತ್ತಿರುವವರು ಸದ್ಯಕ್ಕೆ ಇದರ ಹಿಂದೆ ಬೀಳುವುದು ಬೇಡ. ಸಿಎಂ ಕಲಿತರೆ ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕ ತಾನೇ ಬರುತ್ತದೆ, ತಿರುಗಿ ಹಾಗಾಗುವುದಿಲ್ಲ. ಅದಕ್ಕೇ ಮುಂದಿನದ್ದನ್ನು ಸಿಎಂ ಇಟ್ಟುಕೊಂಡೇ ಹೇಳುತ್ತೇನೆ.

ಎದೆ ಎಂದು ಬರೆದದ್ದೆಲ್ಲ ಎಸ್21 ಅಲ್ಲ

ತರಚು ಗಾಯ, ಕಂದಿದ್ದು, ಹುಳ ಕಚ್ಚಿದ್ದು ಎಸ್20. ಸುಟ್ಟಿದ್ದು ಟಿ21. ಇದರಲ್ಲಿ ಗೊಂದಲ ಇಲ್ಲ. ಅದೇ ಜಾಗದಲ್ಲಿ ದೊಡ್ಡ ಗಾಯ ಇದ್ದರೆ ಪಕ್ಕದ ತರಚಿಗೆ ಬೇರೆ ಕೋಡ್ ಬೇಡ ಎನ್ನುವುದೂ ಗೊತ್ತಿರುವ ನಿಯಮ.

ಗೊಂದಲ ಇರುವುದು ಬೆನ್ನಿನ ಕಡೆ. ಎಡ ರೆಕ್ಕೆ ಎಲುಬಿನ ಮೇಲೆ ಕುಡುಗೋಲು ತಗುಲಿದೆ ಎಂದುಕೊಳ್ಳಿ. ನೋಡಿದ ಕೂಡಲೇ ಕೈ ಹೋಗುವುದು ಎದೆಯ ಹಿಂಗೋಡೆಗೆ, ಎಸ್21.2ಕ್ಕೆ. ಪುಸ್ತಕ ಮಾತ್ರ ರೆಕ್ಕೆ ಎಲುಬಿನ ಜಾಗ, ಕಂಕುಳು, ಕೊರಳೆಲುಬು ಮೂರನ್ನೂ ಎದೆಯಿಂದ ತೆಗೆದು ಭುಜದ ಕಡೆ ಹಾಕಿದೆ. ಹಾಗಾಗಿ ಅದು ಎಸ್41. ಎರಡು ರೆಕ್ಕೆ ಎಲುಬುಗಳ ನಡುವಿನ ಜಾಗ ಮಾತ್ರ ಎದೆಯದ್ದು. ಮೂರು ಬೆರಳು ಆಚೀಚೆ ಆದರೆ ಅಧ್ಯಾಯದ ಭಾಗವೇ ಬದಲಾಗುತ್ತದೆ. "ಬೆನ್ನಿನ ಮೇಲ್ಭಾಗ" ಎಂದು ಬರೆದುಬಿಟ್ಟರೆ ಕೋಡರ್ ಪಾಡು ಯಾರಿಗೂ ಬೇಡ.

ಇನ್ನೊಂದು, ಬೈಪಾಸ್ ಆಪರೇಷನ್ ಆದ ರೋಗಿ. ಎದೆ ಮಧ್ಯದ ಹೊಲಿಗೆ ಬಿಚ್ಚಿಕೊಂಡು ಗಾಯ ತೆರೆದಿದೆ. ಡಾಕ್ಟರು "ಓಪನ್ ವೂಂಡ್ ಚೆಸ್ಟ್" ಎಂದೇ ಬರೆದಿರುತ್ತಾರೆ. ಅವರ ಮಟ್ಟಿಗೆ ಅದು ಸರಿ, ಗಾಯ ಕಣ್ಣೆದುರೇ ತೆರೆದಿದೆ. ಆದರೆ ಎಸ್21 ಏಟಿನಿಂದ ಆದ ಗಾಯಕ್ಕೆ. ಆಪರೇಷನ್ನಿನ ಹೊರ ಹೊಲಿಗೆ ಬಿಚ್ಚಿದರೆ ಟಿ81.31, ಒಳ ಪದರ ಬಿಚ್ಚಿದರೆ ಟಿ81.32. ಸೋಂಕೂ ಇದ್ದರೆ ಮೇಲ್ಪದರದ್ದು ಟಿ81.41, ಆಳದ್ದು ಟಿ81.42. ಇದನ್ನು ಎಸ್21ಕ್ಕೆ ಹಾಕಿದರೆ ಆಪರೇಷನ್ನಿನ ತೊಡಕನ್ನು ಮುಚ್ಚಿಟ್ಟು ಯಾರೋ ಹೊಡೆದರು ಎಂದು ಹೇಳಿದಂತೆ ಆಗುತ್ತದೆ. ಕೋಡ್ ಪರಿಶೀಲಿಸುವ ಆಡಿಟರ್ ಇದನ್ನು ಸುಮ್ನೆ ಬಿಡುವುದಿಲ್ಲ.

ಒಳಗೆ ಹೋಗಿದೆಯಾ?

ನಾಲ್ಕು ಬೇರೆ ಬೇರೆ ಉತ್ತರ ಬರಲು ಮುಖ್ಯ ಕಾರಣ ಈ ಪ್ರಶ್ನೆ. ಸಿಎಂ ಪುಸ್ತಕದಲ್ಲಿ ಮುಂಗೋಡೆಯ ಗಾಯ ಎದೆಯೊಳಗೆ ಹೋಗಿರದಿದ್ದರೆ ಎಸ್21.1, ಹೋಗಿದ್ದರೆ ಎಸ್21.3. ಹಿಂಗೋಡೆಗೆ ಎಸ್21.2 ಮತ್ತು ಎಸ್21.4. ಸ್ತನದ ಗಾಯ ಎಸ್21.0ಕ್ಕೆ ಈ ಪ್ರಶ್ನೆಯೇ ಇಲ್ಲ. ಒಳಗೆ ಎಂದರೆ ಚರ್ಮ, ಸ್ನಾಯು, ಪಕ್ಕೆಲುಬಿನ ನಡುವಿನ ಪದರ ಎಲ್ಲ ದಾಟಿ ಎದೆಗೂಡಿನ ಒಳ ಅಸ್ತರಿ, ಅಂದರೆ ಪ್ಲೂರಾ, ಹರಿದಿರಬೇಕು.

ಈಗ ನಮ್ಮ ಕೇಸಿಗೆ ಬನ್ನಿ. ಎಸ್21.3 ಕೊಟ್ಟವರ ಮೊದಲ ಕಾರಣ, "ಪೆನಿಟ್ರೇಟಿಂಗ್ ಎಂದು ಬರೆದಿದ್ದಾರಲ್ಲ". ಕ್ಯಾಜುವಾಲ್ಟಿಯ ಭಾಷೆಯಲ್ಲಿ ಆ ಪದಕ್ಕೆ ಇನ್ನೊಂದು ಅರ್ಥ ಇದೆ. ಅಲ್ಲಿ ಏಟುಗಳನ್ನು ಎರಡು ಗುಂಪು ಮಾಡುತ್ತಾರೆ. ಗುದ್ದಿದ್ದು, ಬಿದ್ದದ್ದು ಒಂದು ಕಡೆ. ಚುಚ್ಚಿದ್ದು, ಇರಿದದ್ದು, ತಿವಿದದ್ದು ಇನ್ನೊಂದು ಕಡೆ. ಎರಡನೆಯದಕ್ಕೆ ಪೆನಿಟ್ರೇಟಿಂಗ್ ಎನ್ನುತ್ತಾರೆ. ಅಂದರೆ ಏಟು ಹೇಗೆ ಬಿತ್ತು ಎಂಬ ಮಾತು ಅದು. ಎಲ್ಲಿಗೆ ಮುಟ್ಟಿತು ಎಂಬುದು ಬೇರೆ ಮಾತು. ಚಾಕು ಪಕ್ಕೆಲುಬಿಗೆ ತಾಗಿ ನಿಂತರೂ ಡ್ಯೂಟಿ ಡಾಕ್ಟರ್ "ಪೆನಿಟ್ರೇಟಿಂಗ್ ಇಂಜುರಿ ಚೆಸ್ಟ್" ಎಂದೇ ಬರೆಯಬಹುದು.

ಎರಡನೇ ಕಾರಣ ಇನ್ನೂ ಗಟ್ಟಿ ಕಾಣುತ್ತದೆ. ಒಳಗೆ ಗಾಳಿ, ರಕ್ತ ಎರಡೂ ತುಂಬಿದೆ, ನಳಿಕೆ ಹಾಕಿದ್ದಾರೆ, ಅಂದಮೇಲೆ ಗಾಯ ಒಳಗೆ ಹೋಗಿರಲೇಬೇಕಲ್ಲ? ಇಲ್ಲ, ಹೋಗಿರಲೇಬೇಕು ಎಂದೇನಿಲ್ಲ. ಹೋರಿ ಗುದ್ದಿದಾಗ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಕೋಡಿನ ತುದಿ ಚರ್ಮ, ಸ್ನಾಯು ಹರಿಯುತ್ತದೆ. ಹೋರಿಯ ತಲೆಯ ಭಾರಕ್ಕೆ ಪಕ್ಕೆಲುಬು ಮುರಿಯುತ್ತದೆ. ಮುರಿದ ಎಲುಬಿನ ಚೂಪು ತುದಿ ಒಳಗಿನಿಂದಲೇ ಪ್ಲೂರಾ, ಶ್ವಾಸಕೋಶ ಚುಚ್ಚುತ್ತದೆ. ಆಗ ಗಾಳಿ ಬಂದದ್ದು ಹೊರಗಿನ ಗಾಯದಿಂದಲ್ಲ, ಹರಿದ ಶ್ವಾಸಕೋಶದಿಂದ. ಹೊರಗೊಂದು ಗಾಯ, ಒಳಗೊಂದು ಗಾಯ, ನಡುವೆ ದಾರಿಯೇ ಇಲ್ಲ. ಬೈಕ್ ಹ್ಯಾಂಡಲ್ ಎದೆಗೆ ಬಡಿದಾಗಲೂ ಹೀಗೇ ಆಗಬಹುದು.

ಹಾಗಾದರೆ ನಿಜ ತಿಳಿಯುವುದು ಎಲ್ಲಿಂದ? ಗಾಯವನ್ನು ಸ್ವಚ್ಛ ಮಾಡಿ ಹೊಲಿದವರು ಬರೆದ ಟಿಪ್ಪಣಿಯಿಂದ. "ಗಾಯದ ತಳದಲ್ಲಿ ಸ್ನಾಯು ಕಾಣುತ್ತಿದೆ, ಪ್ಲೂರಾ ಹರಿದಿಲ್ಲ" ಎಂಬ ಒಂದು ಸಾಲು ಇದ್ದರೆ ಎಸ್21.1. "ಗಾಯದಿಂದ ಉಸಿರಿನ ಜೊತೆ ಗಾಳಿ ಒಳಗೆಳೆಯುತ್ತಿತ್ತು" ಎಂದಿದ್ದರೆ ದಾರಿ ಇದೆ ಎಂದೇ ಅರ್ಥ. ಇಂಥ ಗಾಯಕ್ಕೇ ಮೂರು ಬದಿ ಅಂಟಿಸಿ ಒಂದು ಬದಿ ಬಿಡುವ ಡ್ರೆಸ್ಸಿಂಗ್ ಮಾಡುತ್ತಾರೆ. ಆದರೂ ಕೋಡರ್ ತಾನೇ ಅರ್ಥ ಮಾಡಿಕೊಂಡು ಕೋಡ್ ಹಾಕುವಂತಿಲ್ಲ, ಡಾಕ್ಟರ್ ಬಾಯಿಂದಲೇ ಬರಬೇಕು. ಎಕ್ಸ್‌ರೇ, ಸಿಟಿ ನೋಡಿ ನಾವು ಡಯಾಗ್ನೋಸಿಸ್ ಬರೆಯುವ ಹಾಗಿಲ್ಲ.

ಹಾಗೆಂದು ಡಾಕ್ಟರ್ ಗಾಯದೊಳಗೆ ಬೆರಳು ಹಾಕಿ ಆಳ ನೋಡಲಿ ಎಂದು ಯಾರೂ ಕೇಳಬಾರದು. ಎದೆಯ ಗಾಯವನ್ನು ಹಾಗೆ ಕೆದಕುವುದು ಅಪಾಯ. ಕೋಡಿಗಾಗಿ ಚಿಕಿತ್ಸೆ ಬದಲಾಗಬಾರದು. ನೋಡಿದ್ದನ್ನು ಬರೆದರೆ ಸಾಕು.

ಏನೂ ಬರೆಯದೆ ಬಿಟ್ಟರೆ? ಇದು ನನಗೆ ಬಹಳ ಕಾಲ ಹೊಳೆದಿರಲಿಲ್ಲ. ಪುಸ್ತಕದ ಅಕಾರಾದಿ ಸೂಚಿ ಹಿಡಿದು ಹೋದರೆ "ಒಳಗೆ ಹೋಗಿದೆ" ಎಂಬ ಮಾತು ಇಲ್ಲದ ಮುಂಗೋಡೆಯ ಗಾಯ ತಾನಾಗಿಯೇ ಎಸ್21.1ಕ್ಕೆ ಬೀಳುತ್ತದೆ. "ಒಳಗೆ ಹೋಗಿದೆಯೋ ಇಲ್ಲವೋ ತಿಳಿಯದು" ಎಂಬ ಕೋಣೆ ಇಲ್ಲವೇ ಇಲ್ಲ. ಅಂದರೆ ಡಾಕ್ಟರ್ ಸುಮ್ಮನಿದ್ದರೆ ದಾಖಲೆಯಲ್ಲಿ ಅದು "ಇಲ್ಲ" ಎಂದೇ ನಿಲ್ಲುತ್ತದೆ. ನಿಜವಾಗಿ ಎದೆಯೊಳಗೆ ಇಳಿದ ಇರಿತ, ಬರೆಯದೇ ಹೋದ ಒಂದು ಸಾಲಿನಿಂದ, ಮೇಲ್ಗಾಯವಾಗಿ ದಾಖಲಾಗುತ್ತದೆ.

"ಬಹುಶಃ ಪ್ಲೂರಾ ಹರಿದಿರಬಹುದು" ಎಂದಿದ್ದರೆ ಅದಕ್ಕೂ ಅಮೆರಿಕದ ನಿಯಮದಲ್ಲಿ ಎರಡು ದಾರಿ. ಅಡ್ಮಿಟ್ ಆದ ರೋಗಿಗೆ, ಡಿಸ್ಚಾರ್ಜ್ ಹೊತ್ತಿಗೂ ಆ "ಬಹುಶಃ" ಹಾಗೇ ಉಳಿದಿದ್ದರೆ, ಇದೆ ಎಂದೇ ಕೋಡ್ ಹಾಕಬಹುದು. ಎಮರ್ಜೆನ್ಸಿಯಿಂದಲೇ ಮನೆಗೆ ಹೋದವನಿಗೆ ಹಾಗಿಲ್ಲ, ಖಚಿತ ಇದ್ದಷ್ಟೇ ಹಾಕಬೇಕು. ಪರೀಕ್ಷೆಯಲ್ಲಿ ಈ ಜಾಗದಲ್ಲಿ ಎಡವುವವರು ಬಹಳ.

ಹರಿದದ್ದೋ ಚುಚ್ಚಿದ್ದೋ

ಐದನೇ ಸ್ಥಾನದಲ್ಲಿ ಗಾಯದ ಬಗೆ ಬರುತ್ತದೆ. 0 ಎಂದರೆ ಬಗೆ ಹೇಳಿಲ್ಲ. 1 ಹರಿದ ಗಾಯ, 2 ಹರಿದು ಒಳಗೆ ಏನೋ ಉಳಿದಿದೆ, 3 ಚುಚ್ಚಿದ ಗಾಯ, 4 ಚುಚ್ಚಿ ಒಳಗೆ ಏನೋ ಉಳಿದಿದೆ, 5 ಕಚ್ಚಿದ ಗಾಯ.

ಬೆಂಗಳೂರಲ್ಲಿ ರಾತ್ರಿ ಪಾಳಿಯಲ್ಲಿ ಕೋಡಿಂಗ್ ಮಾಡುತ್ತಿದ್ದ ಮೊದಲ ವರ್ಷ ನಾನು ಇಲ್ಲೇ ಏಟು ತಿಂದೆ. ಚಾಕು ಇರಿತದ ಚಾರ್ಟ್ ಬಂತು. ಇರಿತ ಎಂದರೆ ಚುಚ್ಚಿದ್ದೇ ಅಲ್ವಾ ಎಂದುಕೊಂಡು 3 ಹಾಕಿದೆ. ಸೂಚಿ ತೆರೆದು ನೋಡಲೇ ಇಲ್ಲ. ಆಡಿಟರ್ ಕೆಂಪು ಗುರುತು ಹಾಕಿ ವಾಪಸ್ ಕಳಿಸಿದರು. ಸೂಚಿಯಲ್ಲಿ ಇರಿತ ಎಂಬ ಪದದ ಮುಂದೆ "ಹರಿದ ಗಾಯ ನೋಡಿ" ಎಂದಿದೆ. ಅಂದರೆ 1. ಮೊಳೆ, ಸೂಜಿ, ಕಬ್ಬಿಣದ ಸರಳಿನ ತುದಿಯಂಥವು ಮಾಡಿದ ಗಾಯವನ್ನು ಡಾಕ್ಟರ್ "ಪಂಕ್ಚರ್" ಎಂದು ಬರೆದಾಗ 3. ಕೋಡು ತಿವಿದದ್ದು ಯಾವುದು? ಎರಡೂ ಆಗಬಹುದು. ಗಾಯ ನೋಡಿದವರ ಪದವೇ ಕೊನೆ ಮಾತು. ನಮ್ಮ ಕೇಸಿನಲ್ಲಿ ಸಿಎಲ್‌ಡಬ್ಲ್ಯೂ ಎಂದಿದೆ, ಹಾಗಾಗಿ ಹರಿದದ್ದು.

ಇಲ್ಲಿ ನಮ್ಮ ಕಡೆಯ ಡಾಕ್ಟರುಗಳಿಗೂ ಒಂದು ಮಾತು. ಸಿಎಲ್‌ಡಬ್ಲ್ಯೂ ಎಂದು ಎಲ್ಲ ಗಾಯಕ್ಕೂ ಬರೆಯುವ ರೂಢಿ ಬಿದ್ದುಬಿಟ್ಟಿದೆ. ಕೋಡಿಂಗಿಗೆ ಅದರಿಂದ ನಷ್ಟ ಇಲ್ಲ, ಕೊಯ್ದದ್ದೂ ಹರಿದದ್ದೂ ಅಲ್ಲಿ ಒಂದೇ. ಆದರೆ ಎಂಎಲ್‌ಸಿ ಪುಸ್ತಕದಲ್ಲಿ, ಅಂದರೆ ಪೊಲೀಸ್, ಕೋರ್ಟಿಗೆ ಹೋಗುವ ಕೇಸುಗಳ ದಾಖಲೆಯಲ್ಲಿ, ಅದು ಒಂದೇ ಅಲ್ಲ. ಕುಡುಗೋಲಿನಿಂದ ಕೊಯ್ದ ಗಾಯದ ಅಂಚು ನೇರ ಇರುತ್ತದೆ. ಕಟ್ಟಿಗೆ, ಕಲ್ಲು ಬಡಿದ ಗಾಯದ ಅಂಚು ಜಜ್ಜಿರುತ್ತದೆ. ಕೋರ್ಟಿನಲ್ಲಿ ಹತ್ಯಾರ ಯಾವುದು ಎಂಬುದು ಈ ಅಂಚಿನ ಮೇಲೆ ನಿಂತಿರುತ್ತದೆ. ಕುಡುಗೋಲಿನ ಗಾಯಕ್ಕೆ ಜಜ್ಜಿ ಹರಿದ ಗಾಯ ಎಂದು ಬರೆದು, ಸಾಕ್ಷಿ ಹೇಳುವ ದಿನ ಕಟಕಟೆಯಲ್ಲಿ ತಡವರಿಸುವ ಕಷ್ಟ ಯಾಕೆ? ಎಂಎಲ್‌ಸಿಯ ಪದ ಬೇರೆ, ಕೋಡಿನ ಪದ ಬೇರೆ ಎಂದು ತಿಳಿದರೆ ಎರಡೂ ನೆಟ್ಟಗೆ ಇರುತ್ತವೆ. ವೂಂಡ್ ಸರ್ಟಿಫಿಕೇಟಿನಲ್ಲಿ ಗಾಯ ಸಾದಾ ಅಥವಾ ಗಂಭೀರ ಎಂದು ಬರೆಯುವುದಂತೂ ಕಾನೂನಿನ ಲೆಕ್ಕ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 116ನೇ ಕಲಮಿನಲ್ಲಿ ಎಲುಬು ಮುರಿತ, ಜೀವಕ್ಕೆ ಅಪಾಯ ತರುವ ಗಾಯ ಎಲ್ಲ ಗಂಭೀರ. ತೀವ್ರ ನೋವಿನ ದಿನಗಳು ಮೊದಲು 20 ಇದ್ದದ್ದು ಈಗ 15 ಆಗಿದೆ. ಇದಕ್ಕೂ ಎಸ್21ಕ್ಕೂ ನೇರ ನಂಟಿಲ್ಲ. ಕೋಡ್ ನೋಡಿ ಸರ್ಟಿಫಿಕೇಟ್ ಬರೆಯಬೇಡಿ, ಸರ್ಟಿಫಿಕೇಟ್ ನೋಡಿ ಕೋಡ್ ಹಾಕಬೇಡಿ.

ಬದಿ ಹೇಳುವುದು ಆರನೇ ಸ್ಥಾನ. 1 ಬಲ, 2 ಎಡ, 9 ಹೇಳಿಲ್ಲ. ಇದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. "ಪಕ್ಕೆಗೆ ಗಾಯ" ಎಂದು ಬರೆದಾಗ ಮಾತ್ರ ಪೇಚಾಟ. ಪುಸ್ತಕದಲ್ಲಿ ಮುಂಗೋಡೆ ಇದೆ, ಹಿಂಗೋಡೆ ಇದೆ, ಪಕ್ಕದ ಗೋಡೆ ಇಲ್ಲ. ಕಂಕುಳ ನಡುವಿನಿಂದ ಇಳಿಯುವ ಗೆರೆಯ ಮುಂದೋ ಹಿಂದೋ ಎಂದು ಡಾಕ್ಟರ್ ಬರೆದರೆ ಕೆಲಸ ಸಲೀಸು.

ಕೊನೆಯ ಅಕ್ಷರ

ಎ, ಡಿ, ಎಸ್. ಎ ಎಂದರೆ ಮೊದಲ ಸಲ ಬಂದದ್ದು ಎಂದು ಸುಮಾರು ಜನ ಬಾಯಿಪಾಠ ಮಾಡಿರುತ್ತಾರೆ. ಹಾಗಲ್ಲ. ಗಾಯಕ್ಕೆ ಮುಖ್ಯ ಚಿಕಿತ್ಸೆ ನಡೆಯುತ್ತಿರುವವರೆಗೂ ಎ. ಗದಗಿನಲ್ಲಿ ಮೊದಲು ನೋಡಿ, ಹುಬ್ಬಳ್ಳಿಗೆ ಕಳಿಸಿ, ಅಲ್ಲಿ ಬೇರೆ ಡಾಕ್ಟರ್ ಆಪರೇಷನ್ ಮಾಡಿದರೂ ಅದು ಎ. ಹತ್ತು ದಿನ ಬಿಟ್ಟು ಹೊಲಿಗೆ ತೆಗೆಸಲು ಬಂದರೆ ಡಿ. ಆಗ ಹೊಲಿಗೆ ತೆಗೆಯುವ ಝಡ್ ಕೋಡ್ ಹಾಕಬಾರದು, ಅದೇ ಗಾಯದ ಕೋಡಿಗೆ ಡಿ ಸೇರಿಸಬೇಕು. ವರ್ಷದ ಮೇಲೆ ಗಾಯದ ಕಲೆ ಗಟ್ಟಿಯಾಗಿ ನೋಯುತ್ತಿದೆ ಎಂದು ಬಂದರೆ ಮೊದಲು ಕಲೆಯ ಕೋಡ್ ಎಲ್90.5, ಆಮೇಲೆ ಹಳೆಯ ಗಾಯದ ಕೋಡ್ ಎಸ್ ಬಾಲದೊಂದಿಗೆ.

ಊಹೆ, "ಹೇಳಿಲ್ಲ", ಇಲ್ಲಾ ಕೇಳುವುದು

ಟಿಪ್ಪಣಿ ಅರೆಬರೆ ಇದ್ದಾಗ ಮೂರು ದಾರಿ. ಊಹಿಸಿ ನಿಖರ ಕೋಡ್ ಹಾಕುವುದು, ಎಸ್21.9 ಹಾಕಿ ಕೈ ತೊಳೆದುಕೊಳ್ಳುವುದು, ಡಾಕ್ಟರಿಗೆ ಕ್ವೆರಿ, ಅಂದರೆ ಬರಹದಲ್ಲಿ ಪ್ರಶ್ನೆ, ಕಳಿಸುವುದು.

ಮೊದಲನೆಯದು ಬೇಡವೇ ಬೇಡ. ಎರಡನೆಯದರ ಬಗ್ಗೆ ನನ್ನ ನಿಲುವು ಸ್ವಲ್ಪ ಬೇರೆ. ಕ್ಲಾಸಿನಲ್ಲಿ ಅದನ್ನು ಪಾಪ ಎನ್ನುವಂತೆ ಹೇಳಿಕೊಡುತ್ತಾರೆ. ಎಸ್21.9ರಲ್ಲಿ ಬದಿಯೂ ಇಲ್ಲ, ಗೋಡೆಯೂ ಇಲ್ಲ, ಒಳ-ಹೊರ ಇಲ್ಲ, ಖಾಲಿ ಜಾಗಕ್ಕೆ ಎಕ್ಸ್ ತುಂಬುತ್ತೇವೆ, ಎಸ್21.91ಎಕ್ಸ್‌ಎ ಎನ್ನುವ ಹಾಗೆ. ಬಡ ಕೋಡ್ ನಿಜ. ಆದರೆ ಡಾಕ್ಟರ್ ಸಿಗುತ್ತಿಲ್ಲ, ಚಾರ್ಟಿನಲ್ಲಿ "ಎದೆಗೆ ಗಾಯ" ಎಂದಷ್ಟೇ ಇದೆ ಎಂದಾಗ ಅದೇ ಪ್ರಾಮಾಣಿಕ. ಬಲಗಡೆ ಇರಬಹುದು ಎಂದು 1 ಹಾಕುವುದಕ್ಕಿಂತ ಎಷ್ಟೋ ವಾಸಿ. ಸೋಮಾರಿತನಕ್ಕೆ ಹಾಕಬೇಡಿ, ಅಷ್ಟೇ. ಬದಿ ಡಾಕ್ಟರ್ ಬರೆದಿಲ್ಲದಿದ್ದರೂ ನರ್ಸ್ ಟಿಪ್ಪಣಿಯಲ್ಲಿ ಇರಬಹುದು. ಬದಿಯ ಮಟ್ಟಿಗೆ ಅದನ್ನು ತೆಗೆದುಕೊಳ್ಳಲು ಈಗ ಅವಕಾಶ ಇದೆ.

ಕ್ವೆರಿ ಬರೆಯುವುದೇ ಒಂದು ಕಲೆ. "ಡಾಕ್ಟರ್ರೇ, ಗಾಯ ಎದೆಯೊಳಗೆ ಹೋಗಿದೆ ಎಂದು ದಯವಿಟ್ಟು ಸೇರಿಸಿ" ಎಂದರೆ ಅದು ಕ್ವೆರಿ ಅಲ್ಲ, ಬಾಯಿಗೆ ಮಾತು ಹಾಕಿದ್ದು. ಅಮೆರಿಕದ ಆಸ್ಪತ್ರೆಯಲ್ಲಿ ಡಯಾಗ್ನೋಸಿಸ್ ಬದಲಾದರೆ ಬರುವ ದುಡ್ಡು ಬದಲಾಗಬಹುದು, ಅದಕ್ಕೇ ಇದರ ಮೇಲೆ ಕಣ್ಣು. ಹೀಗೆ ಬರೆಯಿರಿ: "ಬಲ ಎದೆಯ ಮುಂಗೋಡೆಯಲ್ಲಿ 6×2 ಸೆಂ.ಮೀ. ಗಾಯ, ಎರಡು ಪಕ್ಕೆಲುಬು ಮುರಿತ, ಹೀಮೋನ್ಯೂಮೊಥೊರಾಕ್ಸ್ ಎಂದು ಟಿಪ್ಪಣಿ ಇದೆ. ಗಾಯದ ಆಳ ಇವುಗಳಲ್ಲಿ ಯಾವುದು: ಎದೆಯ ಗೋಡೆಯಲ್ಲೇ ಇದೆ, ಎದೆಗೂಡಿನೊಳಗೆ ಹೋಗಿದೆ, ಬೇರೆ, ಹೇಳಲು ಆಗುವುದಿಲ್ಲ." ಎದುರಿಗಿರುವ ಸಂಗತಿ ಇಡಿ, ಆಯ್ಕೆ ಇಡಿ, "ಹೇಳಲು ಆಗುವುದಿಲ್ಲ" ಎಂಬ ಬಾಗಿಲನ್ನೂ ತೆರೆದಿಡಿ. ಕೋಡ್, ದುಡ್ಡಿನ ಮಾತು ಎತ್ತಬೇಡಿ.

ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು "ನಮಗೆ ಇದೆಲ್ಲ ಯಾಕ್ರೀ" ಎನ್ನಬಹುದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ದುಡ್ಡು ನಡೆಯುವುದು ಪ್ಯಾಕೇಜಿನ ಮೇಲೆ, ಐಸಿಡಿ ಕೋಡಿನ ಆರನೇ ಅಂಕಿಯ ಮೇಲಲ್ಲ. ಒಪ್ಪುತ್ತೇನೆ. ಆದರೂ ಗಾಯದ ಆಳ ಹೇಳುವ ಆ ಒಂದು ಸಾಲನ್ನು ವಿಮೆಯ ಕ್ಲೇಮು ನೋಡುವ ಟಿಪಿಎ ಕೇಳುತ್ತದೆ, ಪೊಲೀಸರು ಕೇಳುತ್ತಾರೆ, ಮೂರು ತಿಂಗಳ ಮೇಲೆ ಎದೆ ನೋವೆಂದು ಬಂದ ಅದೇ ರೋಗಿಯನ್ನು ನೋಡುವ ಮುಂದಿನ ಡಾಕ್ಟರ್ ಕೂಡ ಹುಡುಕುತ್ತಾರೆ.

ಮತ್ತೆ ಆ ಹೋರಿ

ಕ್ಲಾಸಿನಲ್ಲಿ ಕ್ವೆರಿಗೆ ಡಾಕ್ಟರ್ ಉತ್ತರ ನಾನೇ ಕೊಡುತ್ತೇನೆ: "ಸ್ನಾಯುವಿನವರೆಗೆ ಗಾಯ. ಪ್ಲೂರಾ ಹರಿದಿಲ್ಲ. ಮುರಿದ ಎಲುಬಿಗೂ ಗಾಯಕ್ಕೂ ಸಂಪರ್ಕ ಇಲ್ಲ." ಈಗ ಎಲ್ಲ ಬಿಚ್ಚಿಕೊಳ್ಳುತ್ತದೆ.

ಗಂಭೀರವಾದದ್ದು ಮೊದಲು ಬರಬೇಕು. ಹಾಗಾಗಿ ಹೀಮೋನ್ಯೂಮೊಥೊರಾಕ್ಸ್ ಎಸ್27.2ಎಕ್ಸ್‌ಎಕ್ಸ್‌ಎ. ನಂತರ ಬಲಗಡೆಯ ಒಂದಕ್ಕಿಂತ ಹೆಚ್ಚು ಪಕ್ಕೆಲುಬು ಮುರಿತ ಎಸ್22.41ಎಕ್ಸ್‌ಎ. ಗಾಯ ಎಲುಬಿಗೆ ಕೂಡಿದ್ದರೆ ಇದರ ಕೊನೆಯ ಅಕ್ಷರ ಬಿ ಆಗುತ್ತಿತ್ತು. ತೆರೆದ ಮುರಿತವೋ ಮುಚ್ಚಿದ್ದೋ ಎಂದು ಹೇಳದಿದ್ದರೆ ಮುಚ್ಚಿದ್ದೆಂದೇ ಲೆಕ್ಕ. ಆಮೇಲೆ ನಮ್ಮ ಗಾಯ, ಎಸ್21.111ಎ. ಪ್ಲೂರಾ ಹರಿದಿದ್ದರೆ ಎಸ್21.311ಎ. ನೋಡಿ, ಇಷ್ಟು ಗುದ್ದಾಟವೂ ಆ ನಾಲ್ಕನೇ ಸ್ಥಾನದ 1 ಮತ್ತು 3ರ ನಡುವೆ ಇದ್ದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕದಲ್ಲಿ ಇದೇ ಕೇಸು ಎಸ್27.20, ಎಸ್22.40, ಎಸ್21.1 ಆಗುತ್ತದೆ. "ಒಳಗೆ ಹೋಗಿಲ್ಲ" ಎಂಬ ಸಂಗತಿ ಮೊದಲ ಕೋಡಿನ ಬಾಲದ 0ಯಲ್ಲಿ ಕೂತಿದೆ.

ಉಳಿದದ್ದು ಕಾರಣದ ಕೋಡ್. ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕದಲ್ಲಿ ಡಬ್ಲ್ಯೂ55, ಬೇರೆ ಸಸ್ತನಿ ಕಚ್ಚಿದ್ದು ಅಥವಾ ಗುದ್ದಿದ್ದು. ಸಿಎಂನಲ್ಲಿ ಡಬ್ಲ್ಯೂ55.22ಎಕ್ಸ್‌ಎ. ಅದರ ತಲೆಬರಹ "ಆಕಳು ಗುದ್ದಿದ್ದು". ಹೋರಿ ತಿವಿದದ್ದನ್ನೂ ಅದರ ಕೆಳಗೇ ಸೇರಿಸಿದ್ದಾರೆ. ಇದನ್ನು ಬೋರ್ಡಿನ ಮೇಲೆ ಬರೆದಾಗ ಹಾವೇರಿ ಕಡೆಯ ಒಬ್ಬ ಹುಡುಗನ ಮುಖ ಕೆಂಪಾಯಿತು. ಅವರ ಮನೆಯಲ್ಲೂ ಹಬ್ಬಕ್ಕೆ ಬಿಡುವ ಹೋರಿ, ಪೀಪಿ ಹೋರಿ, ಇದೆಯಂತೆ.

"ಅಲ್ರೀ ಸರ, ಪೀಪಿ ಹೋರಿಗೆ ಆಕಳ ಕೋಡ್ ಹಚ್ಚಿದ್ರ ಊರಾಗ ನಾ ಹೆಂಗ ಹೇಳ್ಲಿ?"